ಕಂಬದಿಂದ ಮೂರನೇ ಸೈಟು

ರಿಟೈರಾಗಲು ನಾಲ್ಕು ವರ್ಷ ಉಳಿದಿದ್ದಾಗ, ತೊಂಬತ್ತೆಂಟರಲ್ಲಿ, ವಿಮಾನಪುರದ ಕಾರ್ಖಾನೆಯ ಫಿಟ್ಟರ್ ಈರಯ್ಯ ದೊಡ್ಡನೆಕ್ಕುಂದಿಯ ಆಚೆ ಒಂದು ಮೂವತ್ತು-ನಲವತ್ತರ ಸೈಟು ಕೊಂಡ. ಎರಡು ಪುಟ್ಟ ಮನೆ ಕಟ್ಟಿ ಬಾಡಿಗೆಗೆ ಬಿಟ್ಟರೆ, ಕ್ವಾರ್ಟರ್ಸು ಬಿಟ್ಟ ಮೇಲೂ ಅನ್ನಕ್ಕೊಂದು ದಾರಿ. ಲೇಔಟಿನ ಕಲ್ಲುಗಳಿಗೆ ನಂಬರಿರಲಿಲ್ಲ. "ಲೈಟ್ ಕಂಬದಿಂದ ಮೂರನೇದು ಸಾಬ್, ಕಣ್ಮುಚ್ಕೊಂಡು ತಗೊಳ್ಳಿ" ಎಂದಿದ್ದ ಬ್ರೋಕರ್ ಮುಕ್ತಾರ್.

ಎರಡು ವರ್ಷದ ಮೇಲೆ ಈರಯ್ಯ ಕಂಬದಿಂದ ಮೂರು ಎಣಿಸಿ ಕಾಂಪೌಂಡ್ ಕಟ್ಟತೊಡಗಿದ. ಎಂಟು ಭಾನುವಾರ, ಒಬ್ಬ ಗಾರೆಯವನು, ಬ್ಲಾಕು ಹೊರಲು ಗಂಡಹೆಂಡಿರೇ. ಸೊಂಟ ಹಿಡಿಯುವುದಕ್ಕೂ ಗೋಡೆ ಮುಗಿಯುವುದಕ್ಕೂ ಸರಿಹೋಯಿತು.

ಅದೇ ಹೊತ್ತಿಗೆ ಹಲಸೂರಿನ ಪೀರಮ್ಮ ಬಂದಳು. ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ಚೀಲದಲ್ಲಿ ಕ್ರಯಪತ್ರ, ಬೆನ್ನಿಗೆ ಸರ್ವೆಯವನು. ಟೇಪು ಎಳೆದು ನೋಡಿದರೆ, ಈಚೆಗೆ ರಸ್ತೆ ಮಾಡುವಾಗ ಕಂಬವನ್ನೇ ಕಿತ್ತು ಒಂದು ಸೈಟು ಆಚೆ ನೆಟ್ಟಿದ್ದರು. ಈರಯ್ಯನ ಗೋಡೆ ಪೀರಮ್ಮನ ನೆಲದಲ್ಲಿ ನಿಂತಿತ್ತು.

"ಚೆನ್ನಾಗಿ ಕಟ್ಟಿದೀರಪ್ಪ," ಪೀರಮ್ಮ ಗೋಡೆ ತಟ್ಟಿದಳು. "ನಮ್ಮ ಅಳಿಯನೂ ನಂಗೆ ಇಷ್ಟು ಮಾಡಿಲ್ಲ."

ಈರಯ್ಯನ ಹೆಂಡತಿ ಪ್ರೇಮಕ್ಕ ಮೂಗಿನಲ್ಲಿ ಮುಕ್ತಾರನ ದನಿ ತೆಗೆದಳು. "ಕಣ್ಮುಚ್ಕೊಂಡು ತಗೊಳ್ಳಿ ಸಾಬ್! ತಗೊಳ್ಳಿ ಅಂದ ರೀ, ಕಣ್ಮುಚ್ಕೊಂಡು ಕಟ್ಟಿ ಅಂದ್ನಾ?"

ಈರಯ್ಯನಿಗೆ ರೇಗುವ ಶಕ್ತಿಯೂ ಇರಲಿಲ್ಲ. "ಅದ್ಲುಬದ್ಲು ಮಾಡ್ಕೊಳ್ಳೋಣ್ವೇನಮ್ಮಾ? ಅಳತೆ ಒಂದೇ."

ಪೀರಮ್ಮ ಪಕ್ಕದಲ್ಲಿ ಖಾಲಿ ಬಿದ್ದಿದ್ದ ಈರಯ್ಯನ ಸೈಟು ನೋಡಿದಳು. ಹೊಸ ರಸ್ತೆ ನೆಟ್ಟಗೆ ಬಂದು ಅದರ ಎದೆಗೇ ಗುದ್ದುತ್ತಿತ್ತು. ಅಂಥ ಜಾಗದಲ್ಲಿ ಮನೆ ಏಳಿಗೆಯಾಗದು ಎಂಬುದು ಊರಿಗೆಲ್ಲ ಗೊತ್ತು.

"ರೋಡ್ ಕುತ್ತಿನ ಸೈಟು ನಂಗ್ಯಾಕಪ್ಪ? ನಾನೂ ಬೆಂಗ್ಳೂರಲ್ಲೇ ಹುಟ್ಟಿದ್ದು." ಆಮೇಲೆ ಅವನ ಮುಖ ಕಂಡು ದನಿ ತಗ್ಗಿಸಿದಳು. "ನಡುವಿನ ಗೋಡೆ ಇರ್ಲಿ ಬಿಡಿ, ಇಬ್ರಿಗೂ ಆಗತ್ತೆ. ಉಳಿದ ಮೂರು ನಿಧಾನಕ್ಕೆ ಇಳಿಸ್ಕೊಳ್ಳಿ."

ಒಂಬತ್ತನೇ ಭಾನುವಾರ ಈರಯ್ಯ ಹಾರೆ ಹಿಡಿದ. ಗಾರೆ ಗಟ್ಟಿಯಾಗಿತ್ತು, ಅದೂ ಅವನದೇ ಉಸ್ತುವಾರಿ. ಬಿಡಿಸಿದ ಬ್ಲಾಕುಗಳನ್ನು ಪ್ರೇಮಕ್ಕ ಒಂದೊಂದಾಗಿ ಪಕ್ಕದ ಸೈಟಿನಲ್ಲಿ ಒಟ್ಟಿದಳು.

"ಕುತ್ತಿನ ಮನೆಗೆ ಯಾರ್ರೀ ಬರ್ತಾರೆ?"

"ಬಾಡಿಗೆಯವ್ರು ಕುತ್ತು ಕೇಳಲ್ಲ ಕಣೆ. ನೀರು ಕೇಳ್ತಾರೆ."

"ಇದ್ಯಾ?"

ಈರಯ್ಯ ಮುಂದಿನ ಬ್ಲಾಕಿನ ಸಂದಿಗೆ ಹಾರೆ ಇಟ್ಟ. ಅದು ಅವನಿಗೂ ಗೊತ್ತಿರಲಿಲ್ಲ.