ಹೆರಾನ್ಸ್ ಆಡುವ ಶನಿವಾರ

ಬಲಗಡೆಯ ಗೋಡೆಯಾಚೆ, ಹೊಳೆಯ ಏರಿಯ ಮೇಲೆ, ಹಳದಿ ಚುಕ್ಕೆಗಳು ಸರಿಯುತ್ತಿವೆ, ಒಂದರ ಹಿಂದೊಂದು, ಹೆಲ್ಮೆಟ್ಟುಗಳು, ಹಾಗಾದರೆ ಆಗಲೇ ಬರತೊಡಗಿದರು — ಲೀಲಂಡ್ ಅತ್ತ ಹೋದ ಕಣ್ಣನ್ನು ಕಿತ್ತು ಮತ್ತೆ ಮೈದಾನದ ಮೇಲಿಟ್ಟ, ನೋಡಬೇಕಾದ್ದು ಇದು, ಹಸಿರು ಹುಲ್ಲು, ಕೆಂಪು ಮಣ್ಣು, ಊರಿನ ಬೇಸ್‌ಬಾಲ್ ತಂಡ ಹೆರಾನ್ಸ್‌ನ ಹುಡುಗರ ಬಿಳಿ ಅಂಗಿ, ಒಂಬತ್ತರಲ್ಲಿ ಏಳನೆಯ ಇನ್ನಿಂಗ್ಸ್ ಮುಗಿಯುತ್ತ ಬಂದಿದೆ, ಎರಡೂ ಕಡೆ ಸಮಸಮ, ಇವತ್ತು ಗೆದ್ದರೆ ಪಟ್ಟಿಯಲ್ಲಿ ಮೊದಲ ಸ್ಥಾನ, ಎಷ್ಟು ವರ್ಷವಾಯಿತು ಹೆರಾನ್ಸ್ ಮೊದಲ ಸ್ಥಾನ ನೋಡಿ, ಆದರೂ ಅರ್ಧಕ್ಕರ್ಧ ಆಸನ ಖಾಲಿ, ಇಡೀ ಊರು ವಾರವಿಡೀ ರಾಜ್ಯದುದ್ದಕ್ಕೂ ತುಳಿದು ಬರುವ ಸೈಕಲ್ಲಿನವರನ್ನು ನೋಡಲು ಹೊಳೆಗೆ ಹೋಗಿದೆ, ಈ ಬೇಸಿಗೆಯಲ್ಲಿ ಊರಿಗೇ ಏನೋ ಹಿಡಿದಿದೆ, ಹೆರಾನ್ಸ್ ಆಟವನ್ನೇ ಹಾಕುತ್ತಿದ್ದ ಮೂಲೆಯ ಬಾರಿನಲ್ಲಿ ಈಗ ಫುಟ್‌ಬಾಲು, ಕೆಲಸದ ಜಾಗದಲ್ಲಿ ಬಾಯಿ ಬಿಟ್ಟರೆ ಗಾಲ್ಫು, ಪಕ್ಕದ ಮನೆಯವಳು ಬೆಳಗಾಗೆದ್ದು ಟೆನಿಸ್ ಟೆನಿಸ್ ಅನ್ನುತ್ತಾಳೆ, ಇರಲಿ, ಅವರೆಲ್ಲ ಏನಾದರೂ ಮಾಡಿಕೊಳ್ಳಲಿ, ಆದರೆ ನೋರೀನ್, ಮದುವೆಗೂ ಮುಂಚಿನಿಂದ ಈ ಆಸನದಲ್ಲಿ ಕೂತವಳು, ಕಡಲೆಕಾಯಿ ಬಿಡಿಸಿ ಬಿಡಿಸಿ ತನ್ನ ಅಂಗೈಗೆ ಹಾಕುತ್ತಿದ್ದವಳು, ತಾನು ತಿರುಗಿಯೂ ನೋಡದೆ ಅಂಗೈ ಚಾಚುತ್ತಿದ್ದೆ, ಕಾಳು ಬಂದು ಬೀಳುತ್ತಿತ್ತು — ಈಗ ಆ ಆಸನದಲ್ಲಿ ತನ್ನ ಟೋಪಿ ಕೂತಿದೆ, ಕಡಲೆಕಾಯಿ ಪೊಟ್ಟಣ ಕಾಲ ಬಳಿ ಒಡೆಯದೆ ಬಿದ್ದಿದೆ.

ನಾಲಿಗೆ ಮತ್ತೆ ಆ ಹಲ್ಲಿಗೆ ಹೋಯಿತು, ಎಡಗಡೆಯ ಕೊನೆಯ ಹಲ್ಲು, ನಿಜವಾದ ಹಲ್ಲಲ್ಲ, ಮೇಲೆ ಕ್ಯಾಪ್ ತೊಡಿಸಿದ್ದು, ತೊಡಿಸಿದವನು ರೋಜರ್ ಪಿಲ್ಚ್, ಊರಿನ ಹಲ್ಲಿನ ಡಾಕ್ಟರು, ಇಂಥ ಹೊತ್ತಿಗೇ ನೆನಪಾಗಬೇಕೇ ಇದು, ಅವನ ಕೈಕೆಲಸವನ್ನು ತನ್ನ ಬಾಯೊಳಗೇ ಹೊತ್ತುಕೊಂಡು ತಿರುಗುತ್ತಿದ್ದೇನೆ, ಅನ್ನ ಅಗಿಯುವುದೂ ಅವನ ಹಲ್ಲಿನಲ್ಲೇ — ಎಪ್ರಿಲ್‌ನಲ್ಲಿ ನೋರೀನ್ ಯಾರದೋ ಹಳೆಯ ಸೈಕಲ್ ಕೊಂಡು ತಂದಾಗ ತಾನು ನಕ್ಕಿದ್ದೆ, ಮೊಣಕಾಲಿಗೆ ಒಳ್ಳೆಯದಂತೆ ಡಾಕ್ಟರು ಹೇಳಿದ್ದಾರೆ ಅಂದಳು, ಯಾವ ಡಾಕ್ಟರು, ಮೊಣಕಾಲಿನವರೋ ಹಲ್ಲಿನವರೋ ಅಂತ ಆಗ ಕೇಳಬೇಕೆಂದು ಹೊಳೆಯಲಿಲ್ಲ, ರೋಜರ್‌ನ ಸೈಕಲ್ ಗುಂಪು ಮಂಗಳವಾರ ಸಂಜೆ ಹೊರಡುವುದು, ನೀವೂ ಬನ್ರೀ, ಒಂದ್ಸಲ ಬಂದು ನೋಡಿ, ಜೋಳದ ಹೊಲದ ಮಧ್ಯೆ ಗಾಳಿ ಎಷ್ಟು ಚೆನ್ನಾಗಿರತ್ತೆ ಅಂದಳು, ಮಂಗಳವಾರ ಆಟ ಇದೆಯಲ್ಲೇ, ಸೀಸನ್ ಮುಗೀಲಿ ಅಂದೆ, ಸರಿ ಅಂದಳು, ಮತ್ತೆ ಕೇಳಲಿಲ್ಲ, ಕೇಳದೆ ಬಿಟ್ಟದ್ದನ್ನೂ ತಾನು ಗಮನಿಸಲಿಲ್ಲ, ಮಂಗಳವಾರದ ಜೊತೆಗೆ ಗುರುವಾರವೂ ಸೇರಿತು, ಆಮೇಲೆ ಭಾನುವಾರ ಚರ್ಚು ಮುಗಿದ ಮೇಲೆ, ಮೈ ಬಿಸಿಲಿಗೆ ಕೆಂಪಾಯಿತು, ಮೀನಖಂಡ ಗಟ್ಟಿಯಾಯಿತು, ಊಟಕ್ಕೆ ಕೂತರೆ ರೋಜರ್ ಹಾಗಂದ, ರೋಜರ್ ಹೀಗಂದ, ಹೆಂಡತಿ ಬಿಟ್ಟುಹೋದ ಗಂಡಸು, ಎತ್ತರದ ಆಳು, ಹಲ್ಲಂತೂ ಸಾಲಾಗಿ ಹೊಳೆಯುತ್ತವೆ, ಹೊಳೆಯದೆ ಏನು, ಅಂಗಡಿ ಅವನದೇ — ವಾರದ ಸೈಕಲ್ ಪ್ರಯಾಣಕ್ಕೆ ಹೊರಡುವ ದಿನ ಬೆಳಿಗ್ಗೆ ನೋರೀನ್ ಬಾಗಿಲಲ್ಲಿ ನಿಂತು ಹೆಲ್ಮೆಟ್ಟಿನ ಪಟ್ಟಿ ಬಿಗಿಮಾಡಿಕೊಳ್ಳುತ್ತ ಶನಿವಾರ ಮಧ್ಯಾಹ್ನ ಹೊಳೆ ಹತ್ರ ಇರ್ತೀರಾ ಅಂತ ಕೇಳಿದಳು, ಶನಿವಾರ ಹೆರಾನ್ಸ್ ಆಟ ಅಂದೆ, ಗೊತ್ತು, ಸುಮ್ನೆ ಕೇಳಿದೆ ಅಂದಳು, ಕೋಪವಿಲ್ಲ, ಮುನಿಸಿಲ್ಲ, ಸುಮ್ಮನೆ ಪಟ್ಟಿಯ ಕೊಂಡಿ ಸಿಕ್ಕಿಸಿದಳು, ಟಕ್ ಅಂತ, ಆಚೆ ರೋಜರ್‌ನ ವ್ಯಾನು ನಿಂತಿತ್ತು, ಅದರ ಬೆನ್ನಿಗೆ ಅವಳ ಸೈಕಲ್ ಅವನ ಸೈಕಲ್ ಒಂದಕ್ಕೊಂದು ತಬ್ಬಿಕೊಂಡ ಹಾಗೆ ಕಟ್ಟಿದ್ದರು.

ಮತ್ತೆ ಆ ಚಿತ್ರ, ಅದು ಬರದಿದ್ದರೆ ಇಷ್ಟಾಗುತ್ತಿರಲಿಲ್ಲ, ಬುಧವಾರ ಯಾವುದೋ ಊರಿನ ಚರ್ಚಿನ ಅಂಗಳದಿಂದ ಅವಳೇ ಫೋನಿಗೆ ಕಳಿಸಿದ್ದು, ಮರದ ನೆರಳು, ತಲೆಕೆಳಗಾಗಿ ನಿಲ್ಲಿಸಿದ ಸೈಕಲ್, ರೋಜರ್ ಮಂಡಿಯೂರಿ ಚೈನು ಕೂರಿಸುತ್ತಿದ್ದಾನೆ, ನೋರೀನ್ ಒಂದು ಕೈಯಲ್ಲಿ ಚೆರ್ರಿ ಪೈ ಹಿಡಿದು ಇನ್ನೊಂದು ಕೈ ಅವನ ಭುಜದ ಮೇಲೆ ಊರಿ ಬಾಯ್ತುಂಬ ನಗುತ್ತಿದ್ದಾಳೆ, ರೋಜರ್ ಇಲ್ದಿದ್ರೆ ನಾನು ಅಲ್ಲೇ ರಸ್ತೇಲಿ ಕೂತಿರ್ತಿದ್ದೆ ಅಂತ ಕೆಳಗೆ ಬರೆದಿದ್ದಾಳೆ, ಬೆರಳಲ್ಲಿ ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದೆ, ಕೈ ಊರಿದೆಯೋ, ಸುಮ್ಮನೆ ತಾಗಿದೆಯೋ, ಬೆರಳು ಮಡಚಿದೆಯೋ — ಕೈ ಹೋಗಲಿ, ಆ ನಗು, ಕೊನೆಯ ಹಲ್ಲು ಕಾಣುವ ಹಾಗೆ ನಗುವುದು ಯಾವಾಗ ಮರೆತಳು ತನ್ನ ಮುಂದೆ, ಎಲ್ಲಿ ಬಚ್ಚಿಟ್ಟುಕೊಂಡಿದ್ದಳು ಅದನ್ನು, ಇರಲಿ, ರೋಜರ್‌ನೇ ಹಿಡಿದುಕೊಳ್ಳಲಿ ಹೊಳೆಯಲ್ಲಿ ಅವಳ ಸೈಕಲ್ಲು, ತನಗೆ ಹೆರಾನ್ಸ್ ಇದೆ — ಪಕ್ಕದಲ್ಲಿ ಯಾರೋ ಮೊಣಕೈಯಲ್ಲಿ ತಿವಿದರು, ವರ್ನಾ, ಇನ್ನೊಂದು ಪಕ್ಕದ ಆಸನದ ಮುದುಕಿ, ಹೆರಾನ್ಸ್ ಹುಟ್ಟಿದ ದಿನದಿಂದ ಆಟ ತಪ್ಪಿಸದವಳು, ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿದು, ಏನಪ್ಪಾ, ಇವತ್ತು ನೋರೀನ್ ಬರ್ತಾಳಲ್ವಾ, ನೀನಿಲ್ಲಿ ಕೂತು ಏನು ಮಾಡ್ತಿದ್ದೀಯ ಅಂದಳು, ಆಟ ನೋಡ್ತಿದೀನಿ ಅಂದ ಲೀಲಂಡ್, ಆಟ ನಾಳೆನೂ ಇರತ್ತೆ ಅಂದಳು ವರ್ನಾ, ಅವಳನ್ನ ನೋಡ್ಕೊಳ್ಳೋಕೆ ಹಲ್ಲಿನ ಡಾಕ್ಟರ್ ಇದ್ದಾನೆ ಬಿಡಿ — ಅಂದುಬಿಟ್ಟ, ಅಂದದ್ದೇ ಕಿವಿ ಬಿಸಿಯಾಯಿತು, ವರ್ನಾ ಅಗಿಯುವುದನ್ನು ನಿಲ್ಲಿಸಿದಳು, ಮೈದಾನದ ಮೇಲಿನ ಕಣ್ಣು ತೆಗೆಯದೆ ಅಂದಳು, ಓಹೋ, ಹೊಟ್ಟೆಕಿಚ್ಚು, ಒಳ್ಳೇದಾಯ್ತು, ಹೋಗಿ ಅವಳಿಗೇ ಹೇಳು, ಖುಷಿಪಡ್ತಾಳೆ, ಇಷ್ಟು ವರ್ಷದಲ್ಲಿ ನೀನವಳ ಕಡೆ ತಿರುಗಿ ನೋಡಿದ್ದು ನಾನಂತೂ ಕಂಡಿಲ್ಲ, ಪಾಪದವಳು ಕಡಲೆಕಾಯಿ ಬಿಡಿಸ್ತಾ ಕೂತಿರ್ತಿದ್ಳು. ಮುದುಕಿಗೆ ಏನು ಗೊತ್ತು, ಅಂದುಕೊಂಡ, ಎದ್ದು ನಿಂತಾಗಿತ್ತು, ಎಂಟನೆಯ ಇನ್ನಿಂಗ್ಸ್, ಮೂರೂ ಬೇಸುಗಳಲ್ಲಿ ಹೆರಾನ್ಸ್ ಹುಡುಗರು ನಿಂತಿದ್ದಾರೆ, ಒಂದು ಒಳ್ಳೆಯ ಹೊಡೆತ ಬಿದ್ದರೆ ಆಟ ಗೆದ್ದ ಹಾಗೆ, ಬ್ಯಾಟ್ ಹಿಡಿದು ಬರುತ್ತಿರುವವನು ಪೆಗೇರೋ, ಡೊಮಿನಿಕನ್ ದೇಶದಿಂದ ಬಂದ ಹುಡುಗ, ಅವನ ಹೊಡೆತಕ್ಕಾಗಿಯೇ ಜನ ಟಿಕೆಟ್ ಕೊಳ್ಳುತ್ತಾರೆ, ಇಂಥ ಹೊತ್ತಿನಲ್ಲಿ ಎದ್ದು ಹೋಗುವವನು ಹುಚ್ಚ, ಕಾಲು ಮೆಟ್ಟಿಲಿಳಿಯುತ್ತಿದೆ, ಟೋಪಿ ಆಸನದಲ್ಲೇ ಉಳಿಯಿತು.

ಬಿಸಿಲು ನೆತ್ತಿ ಸುಡುತ್ತಿದೆ, ಏರಿ ಹತ್ತುವಷ್ಟರಲ್ಲಿ ಏದುಸಿರು, ಹೇಳುವುದಾದರೂ ಏನು, ನನಗೆ ಹೊಟ್ಟೆಕಿಚ್ಚಾಯಿತು ಕಣೇ ಅಂತಲೇ, ಈ ವಯಸ್ಸಿನಲ್ಲಿ, ಅಷ್ಟು ಜನರ ಮುಂದೆ — ಕೆಳಗೆ ಮಿಸಿಸಿಪ್ಪಿ ಕಂದು ಬಣ್ಣದಲ್ಲಿ ಅಗಲವಾಗಿ ಮಲಗಿದೆ, ದೋಣಿ ಇಳಿಸುವ ಇಳಿಜಾರಿನ ತುಂಬ ಸೈಕಲ್ಲಿನವರು, ಸಾಲಾಗಿ ನೀರಿಗಿಳಿದು ಮುಂದಿನ ಚಕ್ರವನ್ನು ಹೊಳೆಯಲ್ಲಿ ಅದ್ದುತ್ತಿದ್ದಾರೆ, ಅದ್ದಿದರೆ ಪ್ರಯಾಣ ಮುಗಿದ ಹಾಗೆ, ಒಬ್ಬೊಬ್ಬರಿಗೂ ಯಾರೋ ಟವೆಲ್ ಹಿಡಿದು ಓಡುತ್ತಾರೆ, ಯಾರೋ ತಬ್ಬುತ್ತಾರೆ, ಅಗೋ ರೋಜರ್, ಎತ್ತರದಿಂದಲೇ ಗುರುತು ಸಿಕ್ಕಿತು, ಅವನು ಚಕ್ರ ಅದ್ದಿದ, ಅವನ ಬೆಳೆದ ಹೆಣ್ಣುಮಕ್ಕಳಿಬ್ಬರು ಅಪ್ಪಾ ಅಂತ ಕಿರುಚಿಕೊಂಡು ಅವನ ಕುತ್ತಿಗೆಗೆ ಜೋತುಬಿದ್ದರು, ಮೂವರೂ ನಗುತ್ತ ವ್ಯಾನಿನತ್ತ ಹೋಗಿಬಿಟ್ಟರು, ಹಿಂತಿರುಗಿ ನೋಡಲೇ ಇಲ್ಲ, ಅಷ್ಟೇ, ಇಷ್ಟೇ ಇದ್ದದ್ದು, ಮೈಯೆಲ್ಲ ಹಗುರಾಯಿತು, ಮರುಕ್ಷಣ ಮೈ ಉರಿಯಿತು, ಇದೆಂಥ ಮನುಷ್ಯ, ವಾರವಿಡೀ ಜೊತೆಗಿದ್ದವಳನ್ನು ನೀರಿನ ಹತ್ತಿರ ಒಬ್ಬಳೇ ಬಿಟ್ಟು ಹೋಗುವುದೇ — ಅವಳು ಒಬ್ಬಳೇ ಇದ್ದಳು. ಸಾಲಿನ ಪಕ್ಕ, ಸೈಕಲ್ ಹಿಡಿದುಕೊಂಡು, ಬಿಸಿಲಿಗೆ ಮೂಗು ಸುಲಿದಿದೆ, ಸಾಲಿನವರು ನೀನು ಹೋಗಮ್ಮ ಅಂದರೆ ಇಲ್ಲ, ನೀವು ಮುಂದೆ ಹೋಗಿ ಅನ್ನುತ್ತಾಳೆ, ಇನ್ನೊಬ್ಬರಿಗೂ ದಾರಿ ಬಿಡುತ್ತಾಳೆ, ಏರಿಯ ಮೇಲಿನ ಜನರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದಾಳೆ, ಕಾಯುತ್ತಿದ್ದಾಳೆ, ಬರುವುದಿಲ್ಲ ಅಂತ ಗೊತ್ತಿದ್ದೂ ಕಾಯುತ್ತಿದ್ದಾಳೆ, ರೋಜರ್‌ಗಲ್ಲ, ತನಗೆ, ಅವಳ ಕಣ್ಣು ಬಲದಿಂದ ಎಡಕ್ಕೆ ಬರುತ್ತಿದೆ, ಇನ್ನೊಂದು ನಾಲ್ಕು ತಲೆ ದಾಟಿದರೆ ತಾನು, ಕೈ ಎತ್ತಬೇಕು, ಎತ್ತುತ್ತಿದ್ದೇನೆ —

ಬೆನ್ನ ಹಿಂದೆ ಬ್ಯಾಟಿನ ಸದ್ದು ಕೇಳಿತು, ಮರ ಸೀಳಿದಂಥ ಸ್ಪಷ್ಟವಾದ ಸದ್ದು, ಆಮೇಲೆ ಸಾವಿರ ಜನ ಒಟ್ಟಿಗೆ ಎದ್ದ ಗದ್ದಲ, ಪೆಗೇರೋ, ಪೆಗೇರೋ ಹೊಡೆದ, ಬೇಸುಗಳಲ್ಲಿದ್ದ ಮೂವರೂ ಓಡಿ ಮುಗಿಸಿರಬೇಕು, ಗೋಡೆ ದಾಟಿತೇ, ದಾಟಿತು — ಬಿಳಿ ಚೆಂಡು ಬಲಗಡೆಯ ಗೋಡೆಯ ಮೇಲಿಂದ ಬಂದು ಏರಿಯ ಹುಲ್ಲಿನಲ್ಲಿ ಬಿತ್ತು, ಎರಡು ಸಲ ಪುಟಿಯಿತು, ಮಕ್ಕಳು ಓಡಿದರು, ಆಗಲೇ ಗೊತ್ತಾದದ್ದು ತಾನು ತಿರುಗಿದ್ದೇನೆ ಅಂತ, ಹೊಳೆಗೆ ಬೆನ್ನು ಹಾಕಿ, ಎತ್ತಿದ ಕೈ ಹಾಗೇ ಗಾಳಿಯಲ್ಲಿ, ಮುಖದಲ್ಲಿ ನಗು, ಥಟ್ಟನೆ ಇತ್ತ ತಿರುಗಿದ. ನೋರೀನ್ ನೋಡುತ್ತಿದ್ದಾಳೆ. ನೇರ ತನ್ನನ್ನೇ, ಎಷ್ಟು ಹೊತ್ತಿನಿಂದಲೋ, ಬಂದದ್ದನ್ನೂ ನೋಡಿದ್ದಾಳೆ, ತಿರುಗಿದ್ದನ್ನೂ ನೋಡಿದ್ದಾಳೆ, ಕೂಗಲಿಲ್ಲ, ಕೈ ಬೀಸಲಿಲ್ಲ, ಸ್ವಲ್ಪ ನಕ್ಕಳೇ, ಇಲ್ಲ, ಬಾಗಿಲಲ್ಲಿ ಪಟ್ಟಿ ಬಿಗಿಮಾಡಿಕೊಳ್ಳುತ್ತಿದ್ದಾಗಿನ ಮುಖ ಅದು, ಸೈಕಲ್ ತಿರುಗಿಸಿಕೊಂಡು ಒಬ್ಬಳೇ ನೀರಿಗಿಳಿದಳು, ಪಾದ ಮುಳುಗುವಷ್ಟು, ಮುಂದಿನ ಚಕ್ರ ಅದ್ದಿದಳು, ಯಾರೂ ಟವೆಲ್ ತರಲಿಲ್ಲ, ಇಳಿಯಬೇಕು ತಾನು, ಓಡಬೇಕು, ನೋರೀನ್ ಅಂತ ಕರೆಯಬೇಕು, ಹೆಸರು ಆ ಹಲ್ಲಿನ ಹತ್ತಿರ ಬಂದು ನಿಂತಿದೆ, ಅವಳು ಸೈಕಲ್ಲನ್ನು ಎತ್ತಿದಳು, ಚಕ್ರ ಗಾಳಿಯಲ್ಲಿ ತಾನಾಗಿ ಮೆಲ್ಲಗೆ ತಿರುಗುತ್ತಿದೆ, ಕಂಬಿಗಳಿಂದ ನೀರು ತೊಟ್ಟಿಕ್ಕುತ್ತಿದೆ, ಹಿಂದೆ ಇನ್ನೂ ಕೂಗುತ್ತಿದ್ದಾರೆ, ಹೆರಾನ್ಸ್, ಹೆರಾನ್ಸ್, ಚಕ್ರ ತಿರುಗುತ್ತಿದೆ, ನೀರು ಅವಳ ಕೆಂಪಾದ ಮೀನಖಂಡದ ಮೇಲೆ ಬೀಳುತ್ತಿದೆ, ತಿರುಗುತ್ತಿದೆ, ತೊಟ್ಟಿಕ್ಕುತ್ತಿದೆ, ಒದ್ದೆ ಚಕ್ರ, ಒದ್ದೆ ಚಕ್ರ