ಕುರ್ಚಿಗೆ ತೊಡಿಸಿದ ಸ್ವೆಟರ್

ವಿಮಾ ಕಚೇರಿಯಲ್ಲಿ ಗ್ರಾಹಕರ ದೂರು ಕೇಳಿ ಕೇಳಿ ಅವಳ ತಲೆ ಚಿಟ್ಟು ಹಿಡಿದಿತ್ತು. ಡಾಕ್ಟರು ಮಾತ್ರೆ ಬರೆಯಲಿಲ್ಲ. "ದಿನಕ್ಕೊಂದ್ಸಲ ಫೋನ್ ಬಿಟ್ಟು ಸುಮ್ನೆ ಕೂತ್ಕೊಳ್ಳಿ, ಸಾಕು," ಎಂದರು. ಹೇಳುವುದೇನೋ ಸುಲಭ, ಕುರ್ಚಿ ಖಾಲಿ ಕಂಡರೆ ಮ್ಯಾನೇಜರು ಮೈಮೇಲೆ ಬಂದವರ ಹಾಗೆ ಆಡುತ್ತಿದ್ದರು. ಅದಕ್ಕೇ ಅವಳು ಕಚೇರಿಯವರೆಲ್ಲ ಮಾಡುವ ಉಪಾಯ ಮಾಡಿದಳು. ಇಲ್ಲೇ ಎಲ್ಲೋ ಇದ್ದಾಳೆ ಅನ್ನಿಸುವಂತೆ ತನ್ನ ಬೂದು ಸ್ವೆಟರನ್ನು ಕುರ್ಚಿಗೆ ತೊಡಿಸಿ, ಹಿಂದಿನ ಮೆಟ್ಟಿಲ ಮೇಲೆ ಹೋಗಿ ಕೂತಳು.

ತಲೆ ಹಗುರಾಯಿತು. ದಿನವೂ ಕೂರತೊಡಗಿದಳು.

ಒಂದು ಮಧ್ಯಾಹ್ನ ಮರಳಿದಾಗ ಪಕ್ಕದ ಮೇಜಿನವಳು, "ಫೋನಲ್ಲಿ ಕೂಗಾಡ್ತಿದ್ದ ಆ ಮುದುಕರನ್ನ ಈಗ ಎಷ್ಟು ಚೆನ್ನಾಗಿ ಸಮಾಧಾನ ಮಾಡಿದ್ರಿ! ಮೊದಲಾಗಿದ್ರೆ ಸಿಡುಕ್ತಿದ್ರಿ," ಎಂದಳು. ಸ್ವೆಟರ್ ಮುಟ್ಟಿದರೆ ಯಾರೋ ಈಗಷ್ಟೇ ಬಿಚ್ಚಿಟ್ಟಂತೆ ಬೆಚ್ಚಗಿತ್ತು. ಕೆಲಸ ಆಗುತ್ತಿದೆಯಲ್ಲ, ಕೆದಕುವುದೇಕೆ ಅಂದುಕೊಂಡಳು.

ಆ ಸಂಜೆ ಮನೆಯಲ್ಲಿ ಪುಟ್ಟ ಮಗಳು ಶಾಲೆಯ ಜಗಳದ ಕಥೆ ಶುರುಮಾಡಿದಳು. "ಒಂದ್ನಿಮಿಷ ಕಂದಾ, ಬಂದೆ," ಎಂದವಳೇ ಅಭ್ಯಾಸಬಲದಿಂದ ಸ್ವೆಟರನ್ನು ಕುರ್ಚಿಗೆ ತೊಡಿಸಿ ಬಾಲ್ಕನಿಗೆ ಹೋದಳು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಮಗಳ ನಗು ಕೇಳಿಸಿತು. ಅವಳು ಹಾಗೆ ನಕ್ಕು ಎಷ್ಟೋ ಕಾಲವಾಗಿತ್ತು. ಗಾಜಿನ ಬಾಗಿಲಿನಿಂದ ಇಣುಕಿದರೆ, ಮಗಳು ಕುರ್ಚಿಯ ಮೇಲೆ ತಲೆಯಿಟ್ಟಿದ್ದಳು. ಬೂದು ತೋಳೊಂದು ಅವಳ ಕೂದಲು ನೇವರಿಸುತ್ತಿತ್ತು.

ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿತ್ತು. ತಾಯಿ ಗಾಜನ್ನು ದಬದಬ ಬಡಿದಳು. ಮಗಳು ತಲೆಯೆತ್ತಿ ಅವಳನ್ನೇ ನೋಡಿದಳು. ಆಮೇಲೆ ಸ್ವೆಟರಿನತ್ತ ತಿರುಗಿದಳು.

"ಅಮ್ಮಾ, ಹೊರಗೆ ಯಾರೋ ನಿಂತಿದಾರೆ. ಬಾಗಿಲು ತೆಗೀಲಾ?"