ಉಸಿರು ಸಾಲದ ಕೆರೆ

ತಿಕೋಟಾದಿಂದ ಕನಮಡಿಗೆ ಹೋಗುವ ದಾರಿಯಲ್ಲಿ ಎಡಕ್ಕೆ ಹೊರಳಿದರೆ ಒಂದು ಕೆರೆ ಸಿಗುತ್ತದೆ. ಕಾಲುವೆ ನೀರು ಅದಕ್ಕೆ ಬಂದು ಮೂರು ವರ್ಷವಾಗಿತ್ತು. ಅದಕ್ಕೂ ಮೊದಲು ಕೆರೆ ಪಕ್ಕದ ಊರಿನಲ್ಲಿ ಬಲೆ ಹಿಡಿಯಬಲ್ಲವರು ಒಬ್ಬರೂ ಇರಲಿಲ್ಲ. ಆಲಮಟ್ಟಿ ಹಿನ್ನೀರಿನಲ್ಲಿ ಹನ್ನೆರಡು ವರ್ಷ ಕೂಲಿಗೆ ಮೀನು ಹಿಡಿದು ಬಂದ ಪರಸಪ್ಪನೇ ಮೊದಲಿಗ. ಐದು ಮನೆಯವರನ್ನು ಕೂಡಿಸಿಕೊಂಡು ಕೆರೆಯನ್ನು ಗುತ್ತಿಗೆ ಹಿಡಿದ. ಬೆರಳುದ್ದದ ಕಾಟ್ಲಾ, ರೋಹು ಮೀನಿನ ಮರಿಗಳನ್ನು ತಂದು ಬಿಟ್ಟ. ಗಾಳಿ ತುಂಬಿ ನೀರಿಗೆ ಬಿಟ್ಟ ಟ್ರ್ಯಾಕ್ಟರ್ ಟ್ಯೂಬಿನ ಮೇಲೆ ಕೂತು ಬಲೆ ಬಿಡುವುದನ್ನು ಹೆಂಡತಿ ಸೋನಾಬಾಯಿಗೆ ಕಲಿಸಿದ. ಐವತ್ತರ ಹತ್ತಿರ ಬಂದಿದ್ದ ಆಕೆ ಮೊದಲ ದಿನ ಹೆದರಿ ಅತ್ತಿದ್ದಳು. ಈಗ ಗಂಡನಿಗಿಂತ ಆಕೆಯ ಬಲೆಗೇ ಮೀನು ಹೆಚ್ಚು.

ಈ ಸಲ ದೀಪಾವಳಿ ಮುಗಿದ ವಾರ ಪರಸಪ್ಪ ಮೊಣಕಾಲಿನ ಆಪರೇಶನ್ ಮಾಡಿಸಿಕೊಂಡು ವಿಜಯಪುರದ ದವಾಖಾನೆಯಲ್ಲಿ ಮಲಗಿದ್ದ. ಇತ್ತ ಊರಿನ ಮೇಲೆ ನಾಲ್ಕು ದಿನದಿಂದ ಮೋಡ. ಮಳೆಯೂ ಇಲ್ಲ, ಗಾಳಿಯೂ ಇಲ್ಲ.

ಐದನೆಯ ದಿನ ಬೆಳಕು ಹರಿಯುವಾಗ ಸೋನಾಬಾಯಿ ದಂಡೆಗೆ ಬಂದಳು. ಕೆರೆಯ ತುಂಬ ಸಣ್ಣ ಸಣ್ಣ ಉಂಗುರ ಏಳುತ್ತಿದ್ದವು. ಮಳೆ ಹನಿ ಬೀಳುತ್ತಿದೆ ಎಂದುಕೊಂಡು ಅಂಗೈ ಚಾಚಿದಳು. ಹನಿ ಬೀಳಲಿಲ್ಲ. ಬಗ್ಗಿ ನೋಡಿದರೆ ಅವೆಲ್ಲ ಮೀನಿನ ಬಾಯಿಗಳು. ಸಾವಿರಾರು ಮೀನು ನೀರಿನ ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಕೈ ಹಾಕಿದರೂ ಓಡಿ ಹೋಗಲಿಲ್ಲ.

ಆಕೆ ಗಂಡನಿಗೆ ಫೋನ್ ಹಚ್ಚಿದಳು.

"ಮೋಡ ಕವಿದು ನೀರಾಗ ಗಾಳಿ ಕಡಿಮಿ ಆಗೇತಿ," ಎಂದ ಪರಸಪ್ಪ. ಹಾಸಿಗೆಯಲ್ಲಿ ಎದ್ದು ಕೂತಿದ್ದು ದನಿಯಲ್ಲೇ ಗೊತ್ತಾಗುತ್ತಿತ್ತು. "ನೀರು ಎತ್ತಿ ಮ್ಯಾಲಿಂದ ಕೆಡವಬೇಕು. ಒಂದು ಪಂಪ್ ಹುಡುಕು. ಹೊತ್ತು ಏರೂತನಾ ತಡಕೊಂಡ್ರ ಉಳೀತಾವ."

ಅಷ್ಟರಲ್ಲಿ ಪಾಲುದಾರ ದೇವಾನಂದ ಬಂದ. ನೀರು ನೋಡಿ ತಲೆಯ ಮೇಲೆ ಕೈ ಹೊತ್ತ. "ಬಲಿ ಎಳಿಯೂಣು ವೈನಿ. ಬಂದಷ್ಟು ಮಾರೂಣು."

"ಈ ವರ್ಷ ಬಿಟ್ಟ ಮರಿ, ಪಾವ್ ಕಿಲೋ ಆಗ್ಯಾವ ಅಷ್ಟ. ಈಗ ಬಲಿ ಎಳದು ಬೆದರಿಸಿದ್ರ ಉಳಿಯೂವೂ ಸಾಯ್ತಾವ. ನಾ ಪಂಪ್ ತರ್ತೇನಿ."

"ಎಲ್ಲಿಂದ ತರ್ತಿ? ತ್ರೀಫೇಸ್ ಕರೆಂಟ್ ಹತ್ತಕ್ಕ ಬರೂದು."

ಆಕೆ ಕೆರೆಯ ಏರಿ ಹತ್ತಿದಳು. ಏರಿಯ ಆಚೆ ಅಮೋಘಸಿದ್ದನ ದ್ರಾಕ್ಷಿ ತೋಟ. ಅವನ ಹತ್ತಿರ ನೀರೆತ್ತುವ ಹಳೆಯ ಡೀಸೆಲ್ ಇಂಜಿನ್ ಇದ್ದುದು ಆಕೆಗೆ ಗೊತ್ತಿತ್ತು. ಆದರೆ ಹೋದ ಬೇಸಿಗೆಯಲ್ಲಿ ಇವರ ಬಲೆ ಕೆರೆಯಿಂದ ನೀರೆತ್ತುವ ಅವನ ಪೈಪಿಗೆ ಸಿಕ್ಕಿ ಮೋಟರ್ ಸುಟ್ಟಿತ್ತು. ಅವನು ಸಿಟ್ಟಿನಿಂದ ಕುಡುಗೋಲು ತಂದು ಇಡೀ ಬಲೆಯನ್ನು ಕತ್ತರಿಸಿದ್ದ. ಅಂದಿನಿಂದ ಮಾತು ಬಂದ್.

ಅಮೋಘಸಿದ್ದ ಟ್ರ್ಯಾಕ್ಟರಿಗೆ ಜೋಡಿಸಿದ, ಔಷಧಿ ಹೊಡೆಯುವ ಬ್ಲೋವರಿನ ಡ್ರಮ್ಮಿನಲ್ಲಿ ಔಷಧಿ ಕಲಸುತ್ತಿದ್ದ. ಮೋಡ ಅವನಿಗೂ ಗಂಡಾಂತರವೇ. ಚಾಟಣಿ ಮಾಡಿ ಕತ್ತರಿಸಿದ ಬಳ್ಳಿಯಲ್ಲಿ ಹೊಸ ಗೊನೆ ಬಿಡುವ ಹೊತ್ತು, ಎಲೆಗೆ ಬೂಷ್ಟು ಹಿಡಿಸುವ ದಾವಣಿ ರೋಗ ಬಿದ್ದರೆ ವರ್ಷದ ಬೆಳೆ ಹೋದಂತೆ. ಸೋನಾಬಾಯಿ ಗೇಟಿನ ಹೊರಗೇ ನಿಂತು ಹೇಳಿದಳು: "ಅಣ್ಣಾರ, ಮೀನು ಸಾಯಾಕತ್ತಾವ್ರಿ. ನಿಮ್ಮ ಇಂಜಿನ್ ಬೇಕಾಗಿತ್ತು."

ಅವನು ತಿರುಗಿ ನೋಡಲಿಲ್ಲ. "ಔಷಧ ಹೊಡೀಬೇಕು. ಇವತ್ತ ತಪ್ಪಿದ್ರ ನನ್ನ ಬೆಳಿ ಹೋಗ್ತದ."

"ಗೊತ್ತೈತ್ರಿ. ಅದಕ್ಕ ಕೇಳಾಕ ನಾಲಗಿ ಏಳವಲ್ದು."

ಅವನ ಹೆಂಡತಿ ಲಲಿತಾ ಕಸಬರಿಗೆ ಕೆಳಗಿಟ್ಟು ಬಂದಳು. "ಇಂಜಿನ್ ಎರಡು ವರ್ಷದಿಂದ ಸುಮ್ಮನ ಬಿದ್ದೈತಿ. ಟ್ರ್ಯಾಕ್ಟರಿಗೆ ಕಟ್ಟಿ ಕೆರಿಗೆ ಬಿಟ್ಟು ಬರಾಕ ಎಷ್ಟೊತ್ತು ಬೇಕು?" ಎಂದಳು.

ಅಮೋಘಸಿದ್ದ ಕಲಸುವ ಕೋಲನ್ನು ಕೆಳಗಿಟ್ಟ. ಟ್ರ್ಯಾಕ್ಟರಿನಿಂದ ಬ್ಲೋವರ್ ಬಿಚ್ಚತೊಡಗಿದ. "ಈ ಡ್ರಮ್ ಕೆರಿ ಹತ್ರ ಒಯ್ಯೂದು ಬ್ಯಾಡ, ವಿಷ ಐತಿ. ಒಂದು ಹನಿ ಬಿದ್ರ ನೋಡಾಕ ಒಂದು ಮೀನೂ ಉಳಿಯಂಗಿಲ್ಲ."

ಇಂಜಿನ್ ದಂಡೆಗೆ ಬಂತು. ಹ್ಯಾಂಡಲ್ ತಿರುಗಿಸಿದರೆ ಕೆಮ್ಮಿ ಸುಮ್ಮನಾಯಿತು. ದೇವಾನಂದ ತಿರುಗಿಸಿದ, ಅಮೋಘಸಿದ್ದ ತಿರುಗಿಸಿದ. ಅಷ್ಟರಲ್ಲಿ ದಂಡೆಯ ಹುಲ್ಲಿನಲ್ಲಿ ಬೆಳ್ಳಗಿನ ಹೊಟ್ಟೆ ಮೇಲಾದ ಮೀನು ಹತ್ತಾರು ಕಾಣಿಸಿಕೊಂಡಿದ್ದವು. ಸೋನಾಬಾಯಿ ಸೊಂಟಮಟ್ಟ ನೀರಿಗಿಳಿದು ಎರಡೂ ಕೈಯಿಂದ ನೀರು ಬಡಿಯತೊಡಗಿದಳು. ಅದರಿಂದ ಏನೂ ಆಗದೆಂದು ಗೊತ್ತಿದ್ದರೂ ಆಕೆಗೆ ಸುಮ್ಮನೆ ನಿಲ್ಲಲಾಗಲಿಲ್ಲ. ಅಮೋಘಸಿದ್ದ ಡೀಸೆಲ್ ಪೈಪ್ ಬಿಚ್ಚಿ, ಬಾಯಿ ಹಚ್ಚಿ ಊದಿ, ಕಸ ಉಗುಳಿ ಮತ್ತೆ ಜೋಡಿಸಿದ. ಈ ಸಲ ಇಂಜಿನ್ ಕರಿ ಹೊಗೆ ಬಿಟ್ಟು ಚಾಲೂ ಆಯಿತು.

ನೀರು ಆಳೆತ್ತರ ಹಾರಿ ಕೆರೆಗೇ ಬಿತ್ತು. ಮೊದಲಿಗೆ ಏನೂ ಆಗಲಿಲ್ಲ. ಸ್ವಲ್ಪ ಹೊತ್ತಿಗೆ ನೀರು ಬೀಳುವ ಕಡೆಗೆ ಮೀನುಗಳು ಸರಿದು ಬಂದವು, ಒಂದರ ಮೇಲೊಂದು ಮುಗಿಬಿದ್ದವು.

"ಇವಕ್ಕ ಹೆಂಗ ತಿಳೀತು ಬೇ?" ಎಂದ ಅಮೋಘಸಿದ್ದ, ಔಷಧಿ ಹೊಡೆಯುವುದನ್ನೂ ಮರೆತವನಂತೆ.

"ನೀವು ಹೋಗ್ರಿ ಅಣ್ಣಾರ, ನಿಮ್ಮ ಬಳ್ಳಿ ನೋಡ್ರಿ," ಎಂದು ಆಕೆಯೇ ಅವನನ್ನು ಕಳಿಸಿದಳು.

ಹನ್ನೊಂದಕ್ಕೆ ಗಾಳಿ ಬೀಸಿತು. ಉಂಗುರಗಳು ನಿಂತವು. ಕಾಲುಭಾಗ ಮೀನು ಸತ್ತಿದ್ದವು, ಅವನ್ನು ಎತ್ತಿ ಹೂಳಲು ಸಂಜೆಯಾಯಿತು. ಉಳಿದವು ಕೆಳಗಿಳಿದು ಕಣ್ಮರೆಯಾದವು. ತಡವಾದದ್ದಕ್ಕೆ ಅಮೋಘಸಿದ್ದನ ಎರಡು ಸಾಲಿಗೆ ದಾವಣಿ ಬಿತ್ತು. ಸೋನಾಬಾಯಿ ಮರುದಿನ ಹೋಗಿ, ರೋಗ ಬಿದ್ದ ಎಲೆಗಳನ್ನು ಲಲಿತಾಳ ಜೊತೆ ಮಧ್ಯಾಹ್ನದವರೆಗೆ ಕಿತ್ತು ಹಾಕಿದಳು. ಬಲೆ ಕತ್ತರಿಸಿದ ವಿಷಯ ಯಾರೂ ಎತ್ತಲಿಲ್ಲ. ಊಟಕ್ಕೆ ಲಲಿತಾ ಪಡಸಾಲೆಯಲ್ಲಿ ತನ್ನ ಪಕ್ಕದಲ್ಲೇ ಆಕೆಗೂ ತಾಟು ಇಟ್ಟಳು.

ಮುಂದಿನ ವಾರ ಪರಸಪ್ಪ ಕೋಲು ಊರಿಕೊಂಡು ಮನೆಗೆ ಬಂದ. ಮತ್ತೆ ಮೋಡ ಕವಿದಿತ್ತು. ನಸುಕಿನಲ್ಲಿ ಸೋನಾಬಾಯಿ ಕೆರೆಗೆ ಹೊರಡಬೇಕೆಂದು ಸೆರಗು ಸುತ್ತಿಕೊಳ್ಳುತ್ತಿರುವಾಗ ಫೋನ್ ಬಂತು.

"ನಾ ಏರಿ ಮ್ಯಾಲ ನಿಂತೇನಿ," ಎಂದ ಅಮೋಘಸಿದ್ದ. "ನೀರು ಶಾಂತ ಐತಿ, ಒಂದು ಮೀನೂ ಮ್ಯಾಲ ಬಂದಿಲ್ಲ. ಪರಸಣ್ಣಗ ಚಾ ಮಾಡಿ ಕೊಟ್ಟು ಸಾವಕಾಶ ಬರ್ರಿ."